ಹೊಂಗೆ ಎಣ್ಣೆಯಲ್ಲಿ ಟ್ರ್ಯಾಕ್ಟರ್ ಓಡೀತೇ?

ಪ್ರಶ್ನೆ: ಮುಂದೊಂದು ದಿನ ಡೀಸೆಲ್ ಮುಗಿದರೆ ಹೊಂಗೆ ಎಣ್ಣೆ ಹಾಕಿ ಟ್ರ್ಯಾಕ್ಟರ್ ಓಡಿಸಬಹುದೇ?

ಉತ್ತರ: ಓಡಿಸಬಹುದು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ಆದರೆ ಗಾಣದಿಂದ ತಂದದ್ದನ್ನು ನೇರವಾಗಿ ಟ್ಯಾಂಕಿಗೆ ಸುರಿಯಬೇಡಿ. ಹೊಂಗೆ ಎಣ್ಣೆ ಡೀಸೆಲ್‌ಗಿಂತ ಬಹಳ ಮಂದ; ದಿನ ಕಳೆದಂತೆ ಇಂಜೆಕ್ಟರಿನ ಸಣ್ಣ ತೂತುಗಳಲ್ಲಿ ಮಸಿ ಕಟ್ಟುತ್ತದೆ. ಅದಕ್ಕೇ ಮೆಥನಾಲ್ ಮತ್ತು ಕ್ಷಾರ ಬೆರೆಸಿ ಬಿಸಿ ಮಾಡುತ್ತಾರೆ. ಆಗ ಗ್ಲಿಸರಿನ್ ತಳಕ್ಕಿಳಿದು ಮೇಲೆ ತೆಳ್ಳಗಿನ ಬಯೋಡೀಸೆಲ್ ನಿಲ್ಲುತ್ತದೆ. (ಮೆಥನಾಲ್ ವಿಷ, ಬೇಗ ಹೊತ್ತಿಕೊಳ್ಳುತ್ತದೆ, ಮನೆಯಲ್ಲಿ ಈ ಪ್ರಯೋಗ ಬೇಡವೇ ಬೇಡ.)

ಗಾಣಕ್ಕೆ ಹಾಕಿದ 100 ಕಿಲೋ ಬೀಜದಿಂದ ಸಿಗುವುದು ಸುಮಾರು 25 ಕಿಲೋ ಎಣ್ಣೆ. ಇಡೀ ದೇಶದ ಲಾರಿಗಳಿಗೆ ಇದು ಸಾಲದು, ಊರಿನ ಪಂಪ್‌ಸೆಟ್ಟಿಗೆ ಆದೀತು. ಹಿಂಡಿ ತೋಟಕ್ಕೆ ಒಳ್ಳೆಯ ಗೊಬ್ಬರ. ದಯವಿಟ್ಟು ಬದುವಿನ ಹೊಂಗೆ ಮರವನ್ನು ಕಡಿಯಬೇಡಿ.