ಕಾರಿನ ಪೆಡಲು, ನಮ್ಮ ಪಾದ: ವಾಹನ ಮೇಳದ ಜಪಾನಿ ಕಾರುಗಳ ಮುಂದೆ ಒಂದು ವಿಚಾರ

2025ರ ಜನವರಿಯಲ್ಲಿ ಮಗನ ಸಂಸಾರದೊಡನೆ ಬ್ರಸೆಲ್ಸ್ ವಾಹನ ಮೇಳಕ್ಕೆ ಹೋಗಿದ್ದೆ. ರಾಟರ್‌ಡ್ಯಾಮ್‌ನಿಂದ ರೈಲಿನಲ್ಲಿ ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ ಸೇರಬಹುದು. ಮಗ ಬ್ಯಾಟರಿಯ ಲೆಕ್ಕ ಹಾಕುತ್ತಿದ್ದ, ಮೊಮ್ಮಗ ಬಣ್ಣ ಆರಿಸುತ್ತಿದ್ದ. ನಾನು ಮಾತ್ರ ಪ್ರತಿ ಕಾರಿನಲ್ಲೂ ಕೂತು, ಸ್ಟಿಯರಿಂಗ್ ಕೆಳಗಿನ ಎರಡು ಪೆಡಲುಗಳನ್ನು ಕಾಲಿನಿಂದ ಹುಡುಕಿ ನೋಡುತ್ತಿದ್ದೆ.

ಅದಕ್ಕೆ ಕಾರಣವಿತ್ತು. ಎರಡು ತಿಂಗಳ ಹಿಂದೆ ಅಂಗಡಿಯೊಂದರ ಪಾರ್ಕಿಂಗ್ ಜಾಗದಲ್ಲಿ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದ್ದೆ. ಕಾರು ಎದುರಿನ ಗಿಡಬೇಲಿಗೆ ನುಗ್ಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮಗುವಿನ ಗಾಡಿ ತಳ್ಳುತ್ತಿದ್ದ ಒಬ್ಬ ತಾಯಿ ಕ್ಷಣದ ಹಿಂದಷ್ಟೇ ಅಲ್ಲಿಂದ ದಾಟಿದ್ದರು. ನನಗೆ ಸಕ್ಕರೆ ಕಾಯಿಲೆ ಬಂದು ಹದಿನೆಂಟು ವರ್ಷ. ಎಷ್ಟೋ ರೋಗಿಗಳ ಪಾದ ಪರೀಕ್ಷಿಸಿದ ನಾನು ನನ್ನ ಪಾದವನ್ನು ಮರೆತಿದ್ದೆ.

ಈ ತಪ್ಪು ಹೇಗಾಗುತ್ತದೆ? ನಾವೆಲ್ಲ ಊರಿನಲ್ಲಿ ಕಲಿತದ್ದು ಕ್ಲಚ್ ಇರುವ ಕಾರು. ಗಾಬರಿಯಾದಾಗ ಎಡಗಾಲು ಕ್ಲಚ್ ಒತ್ತಿದರೆ ಎಂಜಿನ್ನಿನ ಬಲ ಚಕ್ರಕ್ಕೆ ಹೋಗುವುದಿಲ್ಲ. ಅದೊಂದು ಎರಡನೇ ಕಾವಲು. ಆಟೊಮ್ಯಾಟಿಕ್ ಕಾರಿನಲ್ಲಿ ಎಡಗಾಲಿಗೆ ಕೆಲಸವಿಲ್ಲ. ನಿಲ್ಲಿಸುವುದೂ ಓಡಿಸುವುದೂ ಬಲಗಾಲೊಂದರ ಹೊಣೆ. ಎಲೆಕ್ಟ್ರಿಕ್ ಕಾರಿನಲ್ಲಂತೂ ಮೋಟಾರು ನಿಂತಲ್ಲಿಂದಲೇ ಪೂರ್ಣ ಬಲ ಕೊಡುತ್ತದೆ. ತಪ್ಪಿ ಆಕ್ಸಿಲರೇಟರ್ ಒತ್ತಿದವರು, ಕಾರು ನಿಲ್ಲುತ್ತಿಲ್ಲವಲ್ಲ ಎಂದು ಅದನ್ನೇ ಇನ್ನಷ್ಟು ಜೋರಾಗಿ ಒತ್ತುತ್ತಾರೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ತಿದ್ದಿಕೊಳ್ಳಲು ಅರ್ಧ ಸೆಕೆಂಡ್ ತಡವಾದರೂ ಏಳು ಮೀಟರ್ ಕಳೆದಿರುತ್ತದೆ.

ಇಲ್ಲಿ ಸಕ್ಕರೆ ಕಾಯಿಲೆಯ ಪಾತ್ರವೇನು? ಪಾದಕ್ಕೆ ಹೋಗುವ ನರಗಳು ದೇಹದಲ್ಲೇ ಅತಿ ಉದ್ದದವು. ರಕ್ತದಲ್ಲಿ ಹೆಚ್ಚಿದ ಸಕ್ಕರೆಯ ಪೆಟ್ಟು ಮೊದಲು ಬೀಳುವುದು ಅವುಗಳ ತುದಿಗೆ. ಜೋಮು, ಉರಿ ಕಾಣಿಸಿಕೊಂಡರೆ ರೋಗಿ ವೈದ್ಯರ ಬಳಿ ಬರುತ್ತಾನೆ. ಏನೂ ನೋವಿಲ್ಲದೆ ಸ್ಪರ್ಶ ಮಾತ್ರ ಕುಂದಿದರೆ ಅವನಿಗೇ ಗೊತ್ತಾಗುವುದಿಲ್ಲ. ಕಣ್ಣು ಮುಚ್ಚಿದ್ದರೂ ಕಾಲು ಎಲ್ಲಿದೆ ಎಂದು ತಿಳಿಸುವ ಅರಿವೂ ಇದೇ ನರಗಳದ್ದು. ಪೆಡಲನ್ನು ನಾವು ಯಾರೂ ನೋಡಿಕೊಂಡು ಒತ್ತುವುದಿಲ್ಲವಷ್ಟೆ? ಪಾದ ಸರಿಯಾದ ವರದಿ ಕಳಿಸದಿದ್ದರೆ, ತಾನು ಕೊಟ್ಟ ಆಜ್ಞೆ ನಡೆದಿದೆ ಎಂದೇ ಮೆದುಳು ನಂಬುತ್ತದೆ. ದಕ್ಷಿಣ ಏಷ್ಯಾದವರಾದ ನಮಗೆ ಈ ಕಾಯಿಲೆ ಡಚ್ಚರಿಗಿಂತ ಹೆಚ್ಚಾಗಿ, ಚಿಕ್ಕ ವಯಸ್ಸಿನಲ್ಲೇ ಬರುತ್ತದೆ ಎಂಬುದನ್ನೂ ಇದರ ಜೊತೆಗಿಟ್ಟು ನೋಡಬೇಕು.

ಈ ಸಮಸ್ಯೆಯನ್ನು ಎಲ್ಲರಿಗಿಂತ ಮೊದಲು ಗಂಭೀರವಾಗಿ ಎದುರಿಸಿದ ದೇಶಗಳಲ್ಲಿ ಜಪಾನ್ ಒಂದು. ಅಲ್ಲಿ ನೂರಕ್ಕೆ ಸುಮಾರು 29 ಜನ 65 ದಾಟಿದವರು. ವಯಸ್ಸಾದ ಚಾಲಕರ ಕಾರಿಗೆ ಅಂಟಿಸುವ ಗುರುತು 1997ರಲ್ಲೇ ಬಂತು. 2009ರಿಂದ 75 ದಾಟಿದವರು ಪರವಾನಗಿ ನವೀಕರಿಸುವಾಗ ನೆನಪು, ಗ್ರಹಿಕೆಗಳ ಪರೀಕ್ಷೆಗೆ ಕೂರಬೇಕು. 2019ರ ಏಪ್ರಿಲ್‌ನಲ್ಲಿ ಟೋಕಿಯೋದ ಇಕೆಬುಕುರೋದಲ್ಲಿ 87 ವರ್ಷದವರೊಬ್ಬರು ಓಡಿಸುತ್ತಿದ್ದ ಕಾರಿಗೆ ಸಿಕ್ಕಿ ತಾಯಿ ಮತ್ತು ಮೂರು ವರ್ಷದ ಮಗಳು ತೀರಿಕೊಂಡರು. ಚಾಲಕರು ಬ್ರೇಕನ್ನೇ ಒತ್ತಿದ್ದೆ ಎಂದು ವಾದಿಸಿದರು. ಪೆಡಲು ತಪ್ಪಿದ್ದೇ ಕಾರಣವೆಂದು ನ್ಯಾಯಾಲಯ 2021ರಲ್ಲಿ ಐದು ವರ್ಷ ಶಿಕ್ಷೆ ವಿಧಿಸಿತು.

ಜಪಾನಿ ಕಂಪನಿಗಳು ಕಂಡುಕೊಂಡ ಉಪಾಯ ಸರಳವಾದದ್ದು. ಬಂಪರಿನಲ್ಲಿರುವ ಸಂವೇದಕಗಳು ಬಾವಲಿಯಂತೆ ಶಬ್ದದಲೆ ಕಳಿಸಿ, ಎದುರಿಗೆ ಗೋಡೆಯೋ ಬೇರೆ ಕಾರೋ ಇದೆಯೇ ಎಂದು ನೋಡುತ್ತವೆ. ಇದ್ದೂ ಚಾಲಕ ಆಕ್ಸಿಲರೇಟರನ್ನು ಜೋರಾಗಿ ಒತ್ತಿದರೆ ಕಂಪ್ಯೂಟರು ಆ ಆಜ್ಞೆಯನ್ನು ತಡೆದು ಎಂಜಿನ್ನಿನ ಬಲ ಇಳಿಸುತ್ತದೆ; ಕೆಲವು ಕಾರುಗಳಲ್ಲಿ ಬ್ರೇಕನ್ನೂ ಹಾಕುತ್ತದೆ. ಟೊಯೋಟಾ 2018ರಲ್ಲಿ ಹಳೆಯ ಕಾರುಗಳಿಗೂ ಕೂಡಿಸಬಹುದಾದ ಇಂಥ ಸಾಧನವನ್ನು ಜಪಾನಿನಲ್ಲಿ ಮಾರಾಟಕ್ಕೆ ತಂದಿತು. ಯೂರೋಪಿನಲ್ಲಿ 2024ರ ಜುಲೈನಿಂದ ಹೊಸ ಕಾರುಗಳಿಗೆ ತುರ್ತು ಬ್ರೇಕ್, ವೇಗದ ಎಚ್ಚರಿಕೆ ಮುಂತಾದವು ಕಡ್ಡಾಯವಾಗಿವೆ. ಪೆಡಲು ತಪ್ಪುವುದಕ್ಕೆ ಕಾವಲು ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಮಾರುವವರನ್ನು ನಾವೇ ಕೇಳಬೇಕು. ಇದಕ್ಕೂ ಮಿತಿಯಿದೆ. ಎದುರಿಗೆ ಏನೂ ಇಲ್ಲದಿದ್ದರೆ, ಸಂವೇದಕದ ಮೇಲೆ ಹಿಮ ಕೂತಿದ್ದರೆ, ಇದನ್ನು ನಂಬುವಂತಿಲ್ಲ.

ಇನ್ನು ಮೇಳದಲ್ಲಿ ಕಂಡದ್ದು. ಟೊಯೋಟಾದ ಹೊಸ ಎಲೆಕ್ಟ್ರಿಕ್ ಅರ್ಬನ್ ಕ್ರೂಸರ್ ಸುಜುಕಿಯ ಇ-ವಿಟಾರಾದ ಜೋಡಿ. ತಯಾರಾಗುವುದು ನಮ್ಮ ಗುಜರಾತಿನ ಸುಜುಕಿ ಕಾರ್ಖಾನೆಯಲ್ಲಿ ಎಂದು ತಿಳಿದು ಸಂತೋಷವಾಯಿತು. ಸೀಟು ಎತ್ತರದಲ್ಲಿದ್ದು, ಮಂಡಿ ನೋವಿರುವವರು ಕುರ್ಚಿಯಲ್ಲಿ ಕೂತಂತೆ ಕೂತು ಕಾಲು ಒಳಗೆಳೆದುಕೊಳ್ಳಬಹುದು. ಮಾಜ್ದಾ 6ಇ ನೋಡಲು ಬಲು ಚಂದ. ಆದರೆ ತಗ್ಗಿನ ಕಾರು, ನನ್ನ ಹೆಂಡತಿ ಬಾಗಿಲು ಹಿಡಿದುಕೊಂಡೇ ಏಳಬೇಕಾಯಿತು. ದೊಡ್ಡ ಪರದೆಯ ಮೇಲೆ ಬೆರಳಾಡಿಸಿ ಬೇಕಾದ್ದನ್ನು ಹುಡುಕುವಾಗ ಕಣ್ಣು ರಸ್ತೆ ಬಿಡುತ್ತದೆ. ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರವರದರ ಸುಮಾರು ಮೂರನೇ ಒಂದು ಪಾಲು ಮಾತ್ರ. ದೂರದಿಂದ ಹತ್ತಿರಕ್ಕೆ ದೃಷ್ಟಿ ಹೊಂದಿಸುವುದೂ ಕಷ್ಟ. ಮುಟ್ಟಿದರೆ ತಿಳಿಯುವ ಗುಂಡಿಗಳೇ ನಮಗೆ ಮೇಲು.

ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು. ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ತಮ್ಮ ಹಾವ್ಸ್‌ಆರ್ಟ್ಸ್ ಬಳಿ ಪಾದ ತೋರಿಸಿ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಮುಟ್ಟಿಸುತ್ತಾರೆ, ಟ್ಯೂನಿಂಗ್ ಫೋರ್ಕ್ ಇಟ್ಟು ಕಂಪನ ತಿಳಿಯುತ್ತದೆಯೇ ಎಂದು ಕೇಳುತ್ತಾರೆ. ಐದು ನಿಮಿಷದ ಕೆಲಸ, ನೋವಿಲ್ಲ. ಚಪ್ಪಲಿ ಅಥವಾ ದಪ್ಪ ತಳದ ಬೂಟು ಹಾಕಿಕೊಂಡು ಕಾರು ಓಡಿಸಬೇಡಿ. ಹಿಮ್ಮಡಿ ಬ್ರೇಕಿನ ನೇರಕ್ಕೆ ಇರಲಿ. ನೆದರ್ಲೆಂಡ್ಸ್‌ನಲ್ಲಿ ವಯಸ್ಸಿನ ಕಾರಣಕ್ಕೆ ವೈದ್ಯಕೀಯ ತಪಾಸಣೆ ಶುರುವಾಗುವುದು 75ಕ್ಕೆ. ನರಗಳು ಅಲ್ಲಿಯವರೆಗೆ ಕಾಯುವುದಿಲ್ಲ.

ಗಿಡಬೇಲಿಯ ಘಟನೆಯಾದ ಮೇಲೆ ನಾನೂ ಪರೀಕ್ಷೆ ಮಾಡಿಸಿಕೊಂಡೆ. ಬಲಗಾಲಿನಲ್ಲಿ ಎರಡು ಕಡೆ ಎಳೆ ಮುಟ್ಟಿದ್ದು ತಿಳಿಯಲಿಲ್ಲ. ಅದನ್ನು ಮನೆಯವರ ಮುಂದೆ ಹೇಳಲು ಒಂದು ವಾರ ಹಿಡಿಯಿತು. ಈಗ ಕಾರು ಓಡಿಸುವುದು ಸೊಸೆ. ನಾನು ಪಕ್ಕದಲ್ಲಿ ಕೂತು ದಾರಿ ಹೇಳುತ್ತೇನೆ. ಮೊಮ್ಮಗ ಆರಿಸಿದ ಕೆಂಪು ಕಾರು ಇನ್ನೂ ಕೊಂಡಿಲ್ಲ.