ಲೋ ವೋಲ್ಟೇಜಿನ ಊರಲ್ಲಿ ಗಾಡಿ ಕಟ್ಟುವವರು

ಕಂಪ್ಲಿ ಸುತ್ತಲಿನ ಭತ್ತದ ಊರುಗಳಲ್ಲಿ ಎಕ್ಸೆಲ್ ಮೊಪೆಡ್ಡನ್ನು ಕಂಪನಿಯಿಂದ ಬಂದ ಹಾಗೆಯೇ ಓಡಿಸುವವರು ಕಡಿಮೆ. ಹಿಂದೆ ಕಬ್ಬಿಣದ ಕ್ಯಾರಿಯರ್, ಎರಡೂ ಬದಿಗೆ ಹಾಲಿನ ಕ್ಯಾನು ಸಿಕ್ಕಿಸುವ ಕೊಂಡಿ, ಕಾಲಿಡುವ ಜಾಗದಲ್ಲಿ ಗೊಬ್ಬರದ ಚೀಲ ಜಾರದಂತೆ ಒಂದು ಅಡ್ಡಪಟ್ಟಿ ಸೇರಿಕೊಂಡಿರುತ್ತವೆ. ಟ್ರ್ಯಾಕ್ಟರ್ ಇಟ್ಟುಕೊಂಡವರಿಗಂತೂ ವರ್ಷವಿಡೀ ಏನಾದರೊಂದು ಕೆಲಸ. ಕೆಸರು ಗದ್ದೆಯ ಕೇಜ್ ವೀಲಿನ ಪಟ್ಟಿ ಕಿತ್ತಿರುತ್ತದೆ, ಟ್ರೇಲರಿನ ಹುಕ್ಕು ಸವೆದಿರುತ್ತದೆ, ಕಬ್ಬು ಹೇರಿದ ಭಾರಕ್ಕೆ ತಳದ ಚಾನೆಲ್ ಬಾಗಿರುತ್ತದೆ. ಸಂಡೂರಿನ ಕಡೆ ಹೋದರೆ ಅದಿರು ಹೊರುವ ಟಿಪ್ಪರುಗಳು, ಹೊಸಪೇಟೆಯಲ್ಲಿ ಲಾರಿ ಬಾಡಿ. ಹಂಪಿ ಎಂದರೆ ಎಲ್ಲರಿಗೂ ನೆನಪಾಗುವುದು ಕಲ್ಲಿನ ರಥ. ಅಲ್ಲಿಗೆ ಪ್ರವಾಸಿಗರನ್ನು ಕರೆದೊಯ್ಯುವ ಬ್ಯಾಟರಿ ಗಾಡಿಗಳು ಕಾರ್ಖಾನೆಯವು, ಆದರೆ ದಾರಿಯುದ್ದ ನಿಂತಿರುವ ಎಳನೀರಿನ, ಕಬ್ಬಿನ ಹಾಲಿನ ಗಾಡಿಗಳ ಚೌಕಟ್ಟು ಸುತ್ತಲಿನ ಶೆಡ್ಡುಗಳಲ್ಲಿ ಬೆಸೆದದ್ದು.

ಇದರಲ್ಲಿ ಎಷ್ಟೋ ಕೆಲಸ ನಡೆಯುವುದು ಬೋರ್ಡು ಹಾಕಿದ ವರ್ಕ್‌ಶಾಪಿನಲ್ಲಲ್ಲ. ಮನೆ ಮುಂದೆ ನಾಲ್ಕು ತಗಡು ಹೊದಿಸಿದ ಶೆಡ್ಡು, ಒಂದು ವೆಲ್ಡಿಂಗ್ ಮೆಷಿನ್, ನಾಲ್ಕಿಂಚಿನ ಗ್ರೈಂಡರ್, ಬ್ರಷ್ ಸವೆದ ಡ್ರಿಲ್ಲು. ಇಷ್ಟಿದ್ದರೆ ಅಂಗಡಿ ತೆರೆದಂತೆಯೇ.

ಈ ಭಾಗಕ್ಕೆ ಕಬ್ಬಿಣ ಹೊಸದಲ್ಲ. ಕಮಲಾಪುರದಲ್ಲಿ ಒಂದು ಕಾಲಕ್ಕೆ ಕಬ್ಬಿನ ಹಾಲು ಕಾಯಿಸುವ ಅಗಲವಾದ ಕಬ್ಬಿಣದ ಕೊಪ್ಪರಿಗೆಗಳನ್ನು ಮಾಡುತ್ತಿದ್ದರು. ಸಂಡೂರು ತಾಲ್ಲೂಕಿನ ದೋಣಿಮಲೈಯಲ್ಲಿ ಎನ್‌ಎಂಡಿಸಿ 1977ರಿಂದ ಅದಿರು ತೆಗೆಯುತ್ತಿದೆ. ಅದೇ ತಾಲ್ಲೂಕಿನ ತೋರಣಗಲ್ಲಿನಲ್ಲಿ ದೇಶದ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದಾದ ಜಿಂದಾಲ್ ಇದೆ. ವಿದ್ಯುತ್ತಿನ ಲೆಕ್ಕವೂ ಹೀಗೆಯೇ. ತುಂಗಭದ್ರಾ ಅಣೆಕಟ್ಟೆಯ ಪವರ್ ಹೌಸು 36 ಮೆಗಾವಾಟ್, ಕಾಲುವೆಯ ಮೇಲಿನ ಹಂಪಿ ಪವರ್ ಹೌಸು ಇನ್ನೊಂದು 36, ಕುಡತಿನಿಯ ಉಷ್ಣ ಸ್ಥಾವರ 1700 ಮೆಗಾವಾಟ್. ಉಕ್ಕೂ ಇಲ್ಲಿಯದೇ, ಕರೆಂಟೂ ಇಲ್ಲಿಯದೇ. ಹೀಗಿದ್ದೂ ಸಂಜೆ ಹೊತ್ತು ಲೈನಿನ ಕೊನೆಯ ಮನೆಯಲ್ಲಿ ವೆಲ್ಡಿಂಗ್ ರಾಡ್ ಹಿಡಿದು ಕೂತವನಿಗೆ 230 ವೋಲ್ಟ್ ಸಿಗುವ ಖಾತ್ರಿ ಇಲ್ಲ.

ಕಾರಣ ಗುಟ್ಟಿನದೇನಲ್ಲ. ಒಂದೇ ಟ್ರಾನ್ಸ್‌ಫಾರ್ಮರಿಗೆ ಪಂಪ್‌ಸೆಟ್ಟುಗಳು ಸಾಲಾಗಿ ತಗುಲಿಕೊಂಡಿರುತ್ತವೆ, ತಂತಿ ಉದ್ದವಾದಷ್ಟೂ ವೋಲ್ಟೇಜು ಸೋರುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರನ್ನು ಪಂಪ್‌ಸೆಟ್ಟಿನ ಫೀಡರಿನಿಂದ ಬೇರ್ಪಡಿಸಿದ ಕಡೆ ಊರೊಳಗಿನ ಸ್ಥಿತಿ ಎಷ್ಟೋ ಸುಧಾರಿಸಿತು. ತೋಟದ ಮನೆಗಳು ಮಾತ್ರ ಪಂಪ್‌ಸೆಟ್ಟಿನ ಲೈನಿನಲ್ಲೇ ಉಳಿದವು. ಟ್ರ್ಯಾಕ್ಟರ್ ನಿಲ್ಲುವುದೂ, ಶೆಡ್ಡು ಇರುವುದೂ ಬಹಳ ಸಲ ಅಲ್ಲೇ.

180 ವೋಲ್ಟಿಗೆ ಇಳಿದ ಕರೆಂಟಿನಲ್ಲಿ ಬಲ್ಬು ಮಂಕಾಗುತ್ತದೆ, ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಬೆಸುಗೆಗೆ ಆಗುವ ಪೆಟ್ಟು ಕಣ್ಣಿಗೆ ಬೀಳುವುದಿಲ್ಲ. ಹಳೆಯ ಮಾದರಿಯ ಟ್ರಾನ್ಸ್‌ಫಾರ್ಮರ್ ಮೆಷಿನ್ನು ಪೂರ್ತಿ ವೋಲ್ಟೇಜಿನಲ್ಲಿ ರಾಡಿನ ತುದಿಗೆ 80 ವೋಲ್ಟ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಒಳಗೆ ಬರುವುದು 180 ಆದರೆ ತುದಿಯಲ್ಲಿ ಉಳಿಯುವುದು 63ರಷ್ಟು. ಅದರ ಜೊತೆಗೇ ಆಂಪ್ ಕೂಡ ಇಳಿಯುತ್ತದೆ. 3.15 ಮಿ.ಮೀ. ರಾಡಿಗೆ 100ರಿಂದ 130 ಆಂಪ್ ಬೇಕು. ಅಷ್ಟು ಸಿಗದಿದ್ದಾಗ ಕಿಡಿ ಹತ್ತಿ ಹತ್ತಿ ಆರುತ್ತದೆ, ‘ರಾಡ್ ಅಂಟ್ತೈತಿ’ ಎನ್ನುವುದು ಆಗಲೇ. ಅಂಟಿದ ರಾಡನ್ನು ಕಿತ್ತು, ಮತ್ತೆ ತಿಕ್ಕಿ, ಹೇಗೋ ಒಂದು ಸಾಲು ಎಳೆದು ಮುಗಿಸುತ್ತಾರೆ. ಮೇಲೆ ನೋಡಿದರೆ ಉಬ್ಬಿದ, ಚೆಂದದ ಸಾಲು. ಕೆಳಗೆ ಮೂಲ ಕಬ್ಬಿಣ ಕರಗಿಯೇ ಇರುವುದಿಲ್ಲ. ಕರಗಿದ ರಾಡು ಅದರ ಮೇಲೆ ಸುಮ್ಮನೆ ಕೂತಿರುತ್ತದೆ, ನಡುವೆ ಕಿಟ್ಟ ಸಿಕ್ಕಿಕೊಂಡಿರುತ್ತದೆ. ಸುತ್ತಿಗೆಯಲ್ಲಿ ಕಿಟ್ಟ ಉದುರಿಸಿ, ಗ್ರೈಂಡರ್ ಆಡಿಸಿ, ಬಣ್ಣ ಹೊಡೆದ ಮೇಲೆ ಅದಕ್ಕೂ ಒಳ್ಳೆಯ ಬೆಸುಗೆಗೂ ವ್ಯತ್ಯಾಸ ಹೇಳುವುದು ಅನುಭವಿ ಮೇಸ್ತ್ರಿಗೂ ಕಷ್ಟ.

ದೂರಕ್ಕೆ ಎಳೆದ ಸಣ್ಣ ವೈರು ಈ ತೊಂದರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮನೆಯ ಪ್ಲಗ್ಗಿನಿಂದ 30 ಮೀಟರ್ ಆಚೆಯ ಟ್ರೇಲರಿನ ತನಕ 1.5 ಚದರ ಮಿ.ಮೀ. ತಾಮ್ರದ ವೈರು ಎಳೆದು 20 ಆಂಪ್ ಹರಿಸಿದರೆ ವೈರಿನಲ್ಲೇ ಸುಮಾರು 15 ವೋಲ್ಟ್ ಕಳೆದುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಮೆಷಿನ್ನು ಅದರ ದುಪ್ಪಟ್ಟು ಎಳೆಯುವುದೂ ಉಂಟು. ಅಷ್ಟು ಕರೆಂಟನ್ನು ಆ ವೈರು ತಾಳುವುದೇ ಇಲ್ಲ, ಬಿಸಿಯಾಗಿ ಅದರ ಹೊದಿಕೆ ಮೆತ್ತಗಾಗುತ್ತದೆ. ಮೆಷಿನ್ನನ್ನು ಪ್ಲಗ್ಗಿನ ಹತ್ತಿರವೇ ಇಟ್ಟು, ದಪ್ಪನೆಯ ವೆಲ್ಡಿಂಗ್ ಕೇಬಲ್ಲನ್ನು ಉದ್ದ ಮಾಡಿಕೊಳ್ಳುವುದು ಮೇಲು. ಅರ್ತ್ ಕ್ಲಾಂಪನ್ನು ತುಕ್ಕು ಕೆರೆದ ಜಾಗಕ್ಕೆ, ಬೆಸೆಯುವ ಕಡೆಗೆ ಹತ್ತಿರವಾಗಿ ಹಾಕಬೇಕು. ಅದನ್ನು ಎಲ್ಲೋ ದೂರದಲ್ಲಿ ಸಿಕ್ಕಿಸಿದರೆ ಕರೆಂಟು ಗಾಲಿಯ ಬೇರಿಂಗಿನ ಮೂಲಕ ದಾರಿ ಹುಡುಕಿಕೊಂಡು ಅದನ್ನು ಸುಡಬಹುದು. ಈಗಿನ ಗಾಡಿಗಳಲ್ಲಿ ಬೆಸುಗೆಗೆ ಮುಂಚೆ ಬ್ಯಾಟರಿ ತಂತಿ ಬಿಚ್ಚಬೇಕಾದದ್ದೂ ಇಂಥದೇ ಕಾರಣಕ್ಕೆ, ಒಳಗಿರುವ ಎಲೆಕ್ಟ್ರಾನಿಕ್ ಭಾಗಗಳು ಸುಡದಿರಲಿ ಎಂದು.

ಡ್ರಿಲ್ಲಿನ ಕಥೆ ಬೇರೆ. ನೆಲಕ್ಕೆ ನಿಲ್ಲಿಸುವ ಡ್ರಿಲ್ಲಿಂಗ್ ಮೆಷಿನ್ನಿನ ಇಂಡಕ್ಷನ್ ಮೋಟರಿನಲ್ಲಿ ತಿರುಚುವ ಬಲವು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಸಿಯುತ್ತದೆ. 230 ಇದ್ದದ್ದು 180 ಆದರೆ ವೋಲ್ಟೇಜಿನಲ್ಲಿ ಕಡಿಮೆಯಾದದ್ದು ಐದರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಬಲದಲ್ಲಿ ಮಾತ್ರ ನೂರಕ್ಕೆ 39ರಷ್ಟು ಖೋತಾ. ಡ್ರಿಲ್ ಬಿಟ್ ಕಬ್ಬಿಣದಲ್ಲಿ ಸಿಕ್ಕಿ ನಿಂತಾಗ ಕೆಲಸಗಾರ ಇನ್ನೂ ಒತ್ತುತ್ತಾನೆ, ಮೋಟರು ಇನ್ನೂ ಕರೆಂಟು ಎಳೆಯುತ್ತದೆ, ವೈಂಡಿಂಗ್ ಸುಟ್ಟ ವಾಸನೆ ಬರುತ್ತದೆ. ಹೊಸಪೇಟೆ, ಕಂಪ್ಲಿಯಂಥ ಊರುಗಳಲ್ಲಿ ಮೋಟರ್ ವೈಂಡಿಂಗ್ ಅಂಗಡಿಗಳಿಗೆ ಗಿರಾಕಿ ತಪ್ಪದಿರಲು ಇದೂ ಒಂದು ಕಾರಣ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಗ್ರೈಂಡರಿನ ಹತ್ತಿರ. ನಾಲ್ಕಿಂಚಿನ ಗ್ರೈಂಡರು ನಿಮಿಷಕ್ಕೆ 11,000 ಸುತ್ತು ತಿರುಗುವಾಗ ಚಕ್ರದ ಅಂಚು ಸೆಕೆಂಡಿಗೆ ಸುಮಾರು 58 ಮೀಟರ್, ಅಂದರೆ ಗಂಟೆಗೆ 200 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡುತ್ತಿರುತ್ತದೆ. ಚಕ್ರದ ಮೇಲೆ ಸೆಕೆಂಡಿಗೆ 80 ಮೀಟರ್ ಎಂದು ಗರಿಷ್ಠ ವೇಗ ಅಚ್ಚಾಗಿರುತ್ತದೆ, ಅಲ್ಲಿಗೆ ಸರಿ. ಆದರೆ ದಪ್ಪ ಚಾನೆಲ್ ಕತ್ತರಿಸಲು ನಾಲ್ಕಿಂಚು ಸಾಲದೆಂದು ಗಾರ್ಡು ಬಿಚ್ಚಿ ಅದೇ ಗ್ರೈಂಡರಿಗೆ ಏಳಿಂಚಿನ ಚಕ್ರ ಹಾಕುವವರಿದ್ದಾರೆ. ಆಗ ಅಂಚಿನ ವೇಗ 100 ಮೀಟರ್ ದಾಟುತ್ತದೆ. ಚಕ್ರ ಒಡೆದರೆ ಅದರ ಚೂರುಗಳನ್ನು ತಡೆಯಲು ಗಾರ್ಡೂ ಇಲ್ಲ. ಆಗಾಗ ಕೈಕೊಡುವ ಕರೆಂಟಿನ ಊರುಗಳಲ್ಲಿ ಇನ್ನೊಂದು ಅಪಾಯ ಸೇರಿಕೊಳ್ಳುತ್ತದೆ. ಲಾಕ್ ಮಾಡಿದ ಸ್ವಿಚ್ಚಿನಲ್ಲಿ ಗ್ರೈಂಡರ್ ಓಡುತ್ತಿರುವಾಗ ಕರೆಂಟ್ ಹೋಗುತ್ತದೆ, ಕೆಲಸಗಾರ ಅದನ್ನು ಹಾಗೆಯೇ ನೆಲಕ್ಕಿಟ್ಟು ಚಹಾ ಕುಡಿಯಲು ಹೋಗುತ್ತಾನೆ. ಕರೆಂಟ್ ಬಂದ ಕೂಡಲೇ ಅದು ನೆಲದ ಮೇಲೆ ಹುಚ್ಚು ನಾಯಿಯಂತೆ ಎಗರಾಡುತ್ತದೆ. ಪ್ಲಗ್ ಕಿತ್ತಿಡುವುದು ಒಂದು ಸೆಕೆಂಡಿನ ಕೆಲಸ.

ಇಷ್ಟೆಲ್ಲ ಇದ್ದೂ ಮನೆಯ ಶೆಡ್ಡಿನಲ್ಲಿ ಒಳ್ಳೆಯ ಕೆಲಸ ಆಗುವುದಿಲ್ಲ ಎಂದಲ್ಲ. ಬಲ್ಲವರು ಕೆಲಸವನ್ನು ಕರೆಂಟಿಗೆ ತಕ್ಕಂತೆ ಹಂಚಿಕೊಳ್ಳುತ್ತಾರೆ. ಅಳತೆ, ಗುರುತು, ಗರಗಸದಲ್ಲಿ ಕೊಯ್ಯುವುದು, ಅರದಿಂದ ಉಜ್ಜುವುದು ಕರೆಂಟ್ ಇಲ್ಲದಾಗ. ಚೌಕಟ್ಟನ್ನು ನೆಲದ ಮೇಲೆ ಜೋಡಿಸಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದು, ಎರಡೂ ಒಂದೇ ಬಂದರೆ ಚೌಕ ಸರಿ ಇದೆ ಎಂದು ಟ್ಯಾಕ್ (ಚುಕ್ಕೆ ಬೆಸುಗೆ) ಹೊಡೆಯುತ್ತಾರೆ. ಪೂರ್ತಿ ಬೆಸುಗೆಗೆ ಪಂಪ್‌ಸೆಟ್ಟುಗಳು ನಿಂತ ಹೊತ್ತು ಕಾಯುತ್ತಾರೆ. ಒಂದೇ ಕಡೆಯಿಂದ ಸಾಲು ಎಳೆದುಕೊಂಡು ಹೋದರೆ ತಣ್ಣಗಾಗುವಾಗ ಕಬ್ಬಿಣ ಆ ಕಡೆಗೇ ಎಳೆದುಕೊಳ್ಳುತ್ತದೆ, ಆದ್ದರಿಂದ ಎದುರು ಬದುರು ಮೂಲೆಗಳನ್ನು ಸರದಿಯಲ್ಲಿ ಬೆಸೆಯುತ್ತಾರೆ. ಹತ್ತು ಸಾವಿರ ರೂಪಾಯಿಯೊಳಗೆ ಸಿಗುವ ಇನ್‌ವರ್ಟರ್ ವೆಲ್ಡಿಂಗ್ ಮೆಷಿನ್ನು ಬಂದ ಮೇಲೆ ವೋಲ್ಟೇಜಿನ ಸಣ್ಣ ಏರಿಳಿತ ಅಷ್ಟಾಗಿ ಕಾಡುವುದಿಲ್ಲ. ಅದಕ್ಕೂ ಒಂದು ಮಿತಿ ಇದ್ದು, ತೀರಾ ಇಳಿದರೆ ಅದೂ ಕೈಕೊಡುತ್ತದೆ. ಇನ್ನೂರು ಮುನ್ನೂರು ರೂಪಾಯಿಯ ಒಂದು ವೋಲ್ಟ್‌ಮೀಟರನ್ನು ಬೋರ್ಡಿಗೆ ಹಾಕಿಕೊಳ್ಳುವವರು ಇನ್ನೂ ಕಡಿಮೆ. ಈ ಲೇಖಕರ ದೃಷ್ಟಿಯಲ್ಲಿ ಶೆಡ್ಡಿನಲ್ಲಿ ಮೊದಲು ಬರಬೇಕಾದ ಸಾಮಾನು ಅದೇ.

ಹಾಗಾದರೆ ಶೆಡ್ಡಿನಲ್ಲಿ ಏನು ಬೆಸೆಯಬಹುದು, ಏನು ಬೆಸೆಯಬಾರದು? ಕ್ಯಾರಿಯರು ಮುರಿದರೆ ಹಾಲು ಚೆಲ್ಲುತ್ತದೆ. ಹ್ಯಾಂಡಲಿನ ಹೆಡ್ಡು, ಟ್ರೇಲರಿನ ಹುಕ್ಕು, ಲಾರಿಯ ಚಾಸಿಸ್ ಮುರಿದರೆ ಚೆಲ್ಲುವುದು ರಕ್ತ. ಲಾರಿಯ ಚಾಸಿಸ್ಸಿನ ಉಕ್ಕು ಕಿಟಕಿ ಸರಳಿನ ಉಕ್ಕಲ್ಲ. ಹೆಚ್ಚು ಬಲದ ಆ ಉಕ್ಕಿಗೆ ಕಾವು ತಗುಲಿದರೆ ಬೆಸುಗೆಯ ಪಕ್ಕದ ಪಟ್ಟಿಯ ಗುಣವೇ ಬದಲಾಗುತ್ತದೆ. ಚಾನೆಲಿನ ಮೇಲಿನ, ಕೆಳಗಿನ ಅಂಚುಗಳೇ ಬಾಗುವ ಭಾರವನ್ನು ತಾಳುವ ಭಾಗ. ಲಾರಿ ಕಂಪನಿಗಳು ಬಾಡಿ ಕಟ್ಟುವವರಿಗೆ ಕೊಡುವ ಸೂಚನೆಗಳಲ್ಲಿ ಅಲ್ಲಿ ತೂತು ಕೊರೆಯುವುದನ್ನೂ ಬೆಸೆಯುವುದನ್ನೂ ಬೇಡ ಎನ್ನುವುದು ಅದಕ್ಕೇ. ಬಿರುಕು ಬಿಟ್ಟ ಕಡೆ ಮೇಲೊಂದು ಚೌಕದ ಪ್ಲೇಟು ಇಟ್ಟು ಸುತ್ತಲೂ ಬೆಸೆದರೆ ಪ್ಲೇಟು ಮುಗಿಯುವ ಗೆರೆಯಲ್ಲೇ ಹೊಸ ಬಿರುಕು ಹುಟ್ಟುತ್ತದೆ. ತುದಿ ಓರೆಯಾಗಿ ಕಿರಿದಾಗುವ ಪ್ಲೇಟು ಭಾರವನ್ನು ನಿಧಾನವಾಗಿ ಹಂಚುತ್ತದೆ. ನಿಜವಾದ ದುರಸ್ತಿ ಮಾಡುವವರು ಮೊದಲು ಬಿರುಕಿನ ತುದಿಗೆ ಸಣ್ಣ ತೂತು ಕೊರೆದು ಅದರ ಓಟ ನಿಲ್ಲಿಸುತ್ತಾರೆ, ಬಿರುಕನ್ನು ವಿ ಆಕಾರಕ್ಕೆ ಕೊರೆದು ಒಳಗಿನಿಂದ ತುಂಬಿಸುತ್ತಾರೆ. ಅದಕ್ಕೆ ಬಳಸುವ 7018 ರಾಡನ್ನು 300 ಡಿಗ್ರಿ ದಾಟಿದ ಒಲೆಯಲ್ಲಿ ಒಣಗಿಸಿರಬೇಕು. ಮಳೆಗಾಲದಲ್ಲಿ ತೆರೆದ ಪೊಟ್ಟಣದಲ್ಲಿ ಬಿದ್ದ ರಾಡು ತೇವ ಹೀರಿಕೊಂಡು ಬೆಸುಗೆಗೆ ಹೈಡ್ರೋಜನ್ ಸೇರಿಸುತ್ತದೆ, ತಣ್ಣಗಾದ ಮೇಲೆ ಅಲ್ಲಿಯೇ ಸೀಳು.

ಅದಿರಿನ ಭರಾಟೆಯ ವರ್ಷಗಳಲ್ಲಿ ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಓಡಿದ ಲಾರಿಗಳ ಅತಿಭಾರವನ್ನು ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿಯೂ ಎತ್ತಿ ಹೇಳಿತ್ತು. ಮಿತಿ ಮೀರಿದ ಹೇರು ಎಂದರೆ ಸ್ಪ್ರಿಂಗ್ ಪಟ್ಟಿಗೂ ಚಾಸಿಸ್ಸಿಗೂ ನಿತ್ಯದ ಪೆಟ್ಟು, ಅಷ್ಟೇ ದುರಸ್ತಿ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿ ನಿಂತವು, ಅವನ್ನು ನಂಬಿದ್ದ ಗ್ಯಾರೇಜುಗಳಿಗೂ ಕೆಲಸ ನಿಂತಿತು.

ಸರಿಯಾದ ಸಲಕರಣೆ ಸಿಕ್ಕರೆ ಇದೇ ಊರಿನ ಕೈಗಳು ಏನು ಮಾಡಬಲ್ಲವು ಎಂಬುದಕ್ಕೆ ಹಳೆಯ ಉದಾಹರಣೆ ಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿಗೇ ಇಳಿಸುವ ಸ್ಟಾಪ್‌ಲಾಗ್ ಗೇಟನ್ನು ತುಂಡು ತುಂಡಾಗಿ ತಯಾರಿಸಲಾಯಿತು. ಆ ಕೆಲಸ ನಡೆದದ್ದು ಹೊಸಪೇಟೆ ಸುತ್ತಲಿನ ವರ್ಕ್‌ಶಾಪುಗಳಲ್ಲಿ ಮತ್ತು ಜಿಂದಾಲಿನಲ್ಲಿ. ಒಂದು ವಾರದಲ್ಲಿ ಐದು ತುಂಡುಗಳೂ ಕೂತವು, ನೀರು ನಿಂತಿತು. ಅಲ್ಲಿ ಕ್ರೇನು ಇತ್ತು, ತಡೆಯಿಲ್ಲದ ಕರೆಂಟಿತ್ತು, ನಕ್ಷೆ ಇತ್ತು.

ಮನೆಯ ಶೆಡ್ಡಿಗೆ ನಕ್ಷೆಯೂ ಇಲ್ಲ, ಕಾನೂನಿನ ನೆರಳೂ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ವಿವರ ಬದಲಾಗುವಂಥ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ನಿಯಮ ಮೀರಿದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಉತ್ತರ ಭಾರತದಲ್ಲಿ ಪಂಪಿನ ಎಂಜಿನ್ನಿಗೆ ಗಾಲಿ ಕಟ್ಟಿ ಓಡಿಸುವ ‘ಜುಗಾಡ್’ ಕೂಡ ಮೋಟಾರು ವಾಹನವೇ, ಕಾಯ್ದೆ ಅದಕ್ಕೂ ಅನ್ವಯ ಎಂದು 2013ರಲ್ಲೇ ತೀರ್ಪು ಬಂದಿದೆ. ಟ್ರ್ಯಾಕ್ಟರಿನ ಟ್ರೇಲರಿಗೂ ಬೇರೆ ನೋಂದಣಿ ಬೇಕು, ಇದನ್ನು ಮರೆತೇ ಬಿಟ್ಟವರು ಹಳ್ಳಿಗಳಲ್ಲಿ ಹೇರಳ. ಅಪಘಾತವಾಗಿ ವಿಮೆಯ ಸರ್ವೇಯರ್ ಬಂದಾಗ ಆತನ ಕಣ್ಣು ಮೊದಲು ಬೀಳುವುದು ಇಂಥ ಕಾಗದವಿಲ್ಲದ ಕೆಲಸದ ಮೇಲೆ.

ಒಂದು ಕಡೆ ಕಾನೂನು ತಾನಾಗಿಯೇ ಬಾಗಿಲು ತೆರೆದಿಟ್ಟಿದೆ. ಅಂಗವಿಕಲರ ಬಳಕೆಗೆಂದು ಬದಲಾಯಿಸಿದ ಗಾಡಿಯನ್ನು 2019ರ ತಿದ್ದುಪಡಿ ಪ್ರತ್ಯೇಕ ವರ್ಗವಾಗಿ ಒಪ್ಪಿಕೊಂಡಿದೆ. ಸ್ಕೂಟರಿಗೆ ಎರಡು ಪಕ್ಕದ ಗಾಲಿ ಕಟ್ಟಿಸುವವರು ಸಾರಿಗೆ ಕಚೇರಿಯ ಒಪ್ಪಿಗೆಯೊಂದಿಗೆ ಅದನ್ನು ಆರ್‌ಸಿಯಲ್ಲಿ ನಮೂದಿಸಿಕೊಳ್ಳಬಹುದು. ಕೆಎ–35ರ ಹೊಸಪೇಟೆಯವರಿಗೆ ಆ ಕಚೇರಿ ಊರಲ್ಲೇ ಇದೆ, ಕಂಪ್ಲಿ, ಸಂಡೂರಿನವರು ಯಾವ ಕಚೇರಿಗೆ ಹೋಗಬೇಕೆಂಬುದು ಅವರ ಆರ್‌ಸಿಯಲ್ಲೇ ಇರುತ್ತದೆ. ಕೆಲಸಕ್ಕೆ ಕೈ ಹಾಕುವ ಮೇಸ್ತ್ರಿ ಪಕ್ಕದ ಗಾಲಿಯ ಚೌಕಟ್ಟನ್ನು ಸ್ಕೂಟರಿನ ಫ್ರೇಮಿಗೆ ಬೆಸೆಯದೆ, ಕಂಪನಿ ಬಿಟ್ಟಿರುವ ತೂತುಗಳಿಗೇ ಬೋಲ್ಟು ಹಾಕಿ ಕೂರಿಸುವುದು ಒಳ್ಳೆಯದು. ಬೋಲ್ಟು ಸಡಿಲವಾದರೆ ಸ್ಪ್ಯಾನರ್ ಹಿಡಿದವನಿಗೆ ಗೊತ್ತಾಗುತ್ತದೆ, ಬಣ್ಣದಡಿಯ ಬೆಸುಗೆ ಬಿಟ್ಟದ್ದು ಗೊತ್ತಾಗುವುದಿಲ್ಲ. ಚಾಸಿಸ್ ನಂಬರ್ ಕೊರೆದ ಜಾಗದ ಹತ್ತಿರ ಗ್ರೈಂಡರ್ ಹೋಗಲೇಕೂಡದು. ಆ ಅಂಕೆ ಅಳಿಸಿದರೆ ಗಾಡಿ ಯಾರದೆಂದು ತೋರಿಸಲು ಮಾಲೀಕ ಕಚೇರಿಯಿಂದ ಠಾಣೆಗೆ ಅಲೆಯಬೇಕಾಗುತ್ತದೆ.