ರಸೀದಿ ಸಿಕ್ಕಿತು, ಲೆಕ್ಕ ಸಿಗಲಿಲ್ಲ

ಹೊಸೂರಿನಿಂದ ತಳಿ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕಿರುವ ಒಂದು ಹಳ್ಳಿ. ಮಾರಮ್ಮನ ಹಬ್ಬಕ್ಕೆ ಇನ್ನು ಹನ್ನೆರಡು ದಿನ. ರಸೀದಿ ಪುಸ್ತಕ ಹಿಡಿದ ಮೂವರು ಹುಡುಗರು ಒಂದು ಮನೆಯ ಜಗಲಿ ಮುಂದೆ ನಿಂತಿದ್ದಾರೆ. ಜಗಲಿ ಮೇಲೆ ಕುಳಿತ ಹಿರಿಯ ರೈತರು ಎಲೆಗೆ ಸುಣ್ಣ ಸವರುವುದರಲ್ಲಿ ಮಗ್ನರು.

"ತಾತ, ಈ ಸಲ ಎರಡು ಸಾವಿರ ಬರ್ಕೊಳ್ಳಲಾ?"

"ಬರ್ಕೋಬ್ಯಾಡ್ರಪ್ಪ. ನಾನು ಕೊಡಾದು ಬಿಟ್ಟು ಮೂರು ವರ್ಸ ಆಯ್ತು."

ಹುಡುಗರು ಮುಂದಿನ ಮನೆಗೆ ಹೋದರು. ದೇವರ ಮೇಲೆ ಕೋಪವೇ ಎಂದು ಕೇಳಿದೆ. ಅವರಿಗೆ ನಗು ಬಂತು. "ದೇವ್ರ ಮ್ಯಾಲೆ ಯಾಕ್ ಕೋಪ ಸಾಮಿ? ದುಡ್ಡಿಲ್ಲ ಅಂತಾನೂ ಅಲ್ಲ. ಮಗ ಫ್ಯಾಕ್ಟ್ರಿಲಿ ದುಡೀತಾನೆ, ಟೊಮ್ಯಾಟೋನೂ ಒಂದೊಂದ್ ಸಲ ಕೈ ಹಿಡೀತದೆ. ಕೊಟ್ಟಿದ್ದು ಎಲ್ಲೋಯ್ತು ಅಂತ ಯಾರೂ ಹೇಳಲ್ಲ, ಅದಕ್ಕೇ."

ಅವರ ತಂದೆಯ ಕಾಲದಲ್ಲಿ ದೇವರ ಪಾಲನ್ನು ಕಣದಲ್ಲೇ ತೆಗೆಯುತ್ತಿದ್ದರಂತೆ. ರಾಗಿ ರಾಶಿ ಮಾಡಿ, ಪೂಜೆ ಮಾಡಿ, ಮೊದಲ ಕೊಳಗ ಮಾರಮ್ಮನಿಗೆ. ಹಬ್ಬ ಮುಗಿದ ಮರುದಿನ ಅರಳಿಕಟ್ಟೆಯ ಮೇಲೆ ಊರೆಲ್ಲ ಸೇರಬೇಕು. ಯಾರ ಮನೆಯಿಂದ ಎಷ್ಟು ರಾಗಿ ಬಂತು, ವಾದ್ಯದವರಿಗೆ ಎಷ್ಟು ಹೋಯಿತು, ಎಣ್ಣೆಗೆ ಎಷ್ಟು, ಉಳಿದದ್ದು ಯಾರ ಮನೆಯಲ್ಲಿದೆ, ಎಲ್ಲವನ್ನೂ ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು. ಓದಲು ಬಾರದವರಿಗೂ ಲೆಕ್ಕ ಗೊತ್ತಾಗುತ್ತಿತ್ತು. ಜಗಳವೂ ಆಗುತ್ತಿತ್ತು. ಆದರೆ ಮರುವರ್ಷದ ವಂತಿಗೆ ನಿಲ್ಲುತ್ತಿರಲಿಲ್ಲ.

ಈಗ ಅಚ್ಚು ಹಾಕಿಸಿದ ರಸೀದಿ ಇದೆ. ಅದು ತಮಿಳಿನಲ್ಲಿದೆ, ಕೊಡುವವರು ಓದುವುದು ಕನ್ನಡ, ಪಕ್ಕದ ಮನೆಯಲ್ಲಿ ಆಡುವುದು ತೆಲುಗು. ನಮ್ಮ ಗಡಿ ಊರುಗಳಲ್ಲಿ ಇದೇನೂ ವಿಶೇಷವಲ್ಲ, ಭಾಷೆಯಿಂದ ಯಾರೂ ವಂತಿಗೆ ನಿಲ್ಲಿಸಿಲ್ಲ. ಮೊಬೈಲಿನಲ್ಲಿ ಹಣ ಕಳಿಸಲು ಕಪ್ಪು ಬಿಳುಪಿನ ಚೌಕದ ಚೀಟಿಯೂ ದೇವಸ್ಥಾನದ ಕಂಬಕ್ಕೆ ಅಂಟಿದೆ. ಇಲ್ಲದ್ದು ಅರಳಿಕಟ್ಟೆಯ ಓದು ಮಾತ್ರ.

ಯಾಕೆ ನಿಂತಿತು? ಹಬ್ಬದ ಕಮಿಟಿಯ ಒಬ್ಬರನ್ನು ಕೇಳಿದೆ. "ಲೆಕ್ಕ ಐತೆ ಸಾರ್, ನೋಟ್ ಪುಸ್ತಕದಾಗೆ ಬರೆದಿಟ್ಟಿದೀವಿ. ಓದಿದ್ರೆ ಜಗಳ. ಒಬ್ಬ ಆ ಪಾರ್ಟಿ, ಇನ್ನೊಬ್ಬ ಈ ಪಾರ್ಟಿ. ಪಂಚಾಯ್ತಿ ಎಲೆಕ್ಷನ್ ಸಿಟ್ಟೆಲ್ಲ ಅಮ್ಮನ ಲೆಕ್ಕದಾಗೆ ತೀರಿಸ್ಕಂತಾರೆ." ಅವರು ಸುಳ್ಳು ಹೇಳುತ್ತಿದ್ದಾರೆಂದು ನನಗನಿಸಲಿಲ್ಲ. ಹಣ ನುಂಗುವವರು ಕೆಲವೆಡೆ ಇರಬಹುದು. ಆದರೆ ಜಗಳಕ್ಕೆ ಹೆದರಿ ಪುಸ್ತಕ ಮುಚ್ಚಿಟ್ಟವರೇ ಹೆಚ್ಚು. ಮುಚ್ಚಿದ ಪುಸ್ತಕ ನೋಡಿದವರು ನುಂಗಿದ್ದಾರೆಂದೇ ತಿಳಿಯುತ್ತಾರೆ.

ದಾನ ಈ ಸೀಮೆಗೆ ಹೊಸದಲ್ಲ. ಈಗಿನ ಕೃಷ್ಣಗಿರಿ ಜಿಲ್ಲೆಯಲ್ಲಿರುವ ಕುಂದಾಣಿಯೇ ಹೊಯ್ಸಳ ವೀರ ರಾಮನಾಥನ ರಾಜಧಾನಿಯಾಗಿತ್ತೆಂದು ಹೆಚ್ಚಿನ ಇತಿಹಾಸಕಾರರು ಗುರುತಿಸಿದ್ದಾರೆ. 1301ರಲ್ಲಿ ಮೂರನೆಯ ವೀರಬಲ್ಲಾಳ ಕುಂದಾಣಿ ರಾಜ್ಯದ ಮತ್ತು ಸುತ್ತಲ ನಾಡುಗಳ ಮಠಾಧಿಪತಿಗಳಿಗೆ, ದೇವಾಲಯಗಳ ಸ್ಥಾನಿಕರಿಗೆ ಒಂದು ಆಜ್ಞೆ ಕಳಿಸಿದ. ದೇವರ ಜಮೀನುಗಳ ಮೇಲಿನ ತೆರಿಗೆಗಳನ್ನು ಬಿಟ್ಟುಕೊಟ್ಟು, ಆ ಉತ್ಪತ್ತಿಯಿಂದ ಪೂಜೆ, ನೈವೇದ್ಯ, ದುರಸ್ತಿ ತಪ್ಪದೆ ನಡೆಸಬೇಕೆಂದ. ಬೆಂಗಳೂರು, ಕೋಲಾರ ಸೀಮೆಯ ಹಲವು ಊರುಗಳಲ್ಲಿ ಇದೇ ಒಕ್ಕಣೆ ತಮಿಳಿನಲ್ಲಿ ಕಲ್ಲಿನ ಮೇಲಿದೆ. ಕೊಟ್ಟದ್ದು ಯಾವುದು, ಯಾತಕ್ಕೆ ಎಂಬುದು ಬಾಗಿಲಲ್ಲೇ ಎಲ್ಲರ ಕಣ್ಣಿಗೆ.

ಹಳೆಯ ದಾನಶಾಸನಗಳ ಕೊನೆಯಲ್ಲಿ ಬರುವ ಶಾಪವನ್ನು ನೀವೂ ಕೇಳಿರುತ್ತೀರಿ. ದಾನವನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಬಿದ್ದಿರುತ್ತಾನೆಂಬುದು ಅದು. ಅನ್ಯರು ಕೊಟ್ಟದ್ದನ್ನು ಕಸಿದವನಿಗೆ ಮಾತ್ರವಲ್ಲ, ತಾನೇ ಕೊಟ್ಟದ್ದನ್ನು ತಾನೇ ಕಿತ್ತುಕೊಂಡವನಿಗೂ ಆ ಶಾಪ ತಟ್ಟುತ್ತದೆ. ಕೊಟ್ಟವರು ಮನಸ್ಸು ಬದಲಿಸುತ್ತಾರೆಂಬುದು ಆಗಿನವರಿಗೂ ತಿಳಿದಿತ್ತು.

ಇನ್ನೊಂದು ಊರಿನ ಕಥೆ ಬೇರೆ. ಅಲ್ಲಿ ಒಂದು ಕೇರಿಯವರು ವಂತಿಗೆಯನ್ನು ಒಟ್ಟಾಗಿಯೇ ನಿಲ್ಲಿಸಿದ್ದಾರೆ. "ನಮ್ ದುಡ್ಡು ತಗಂತಾರೆ, ತೇರು ನಮ್ ಬೀದಿಗೆ ಬರಾಕಿಲ್ಲ" ಎಂದರು ಅಲ್ಲಿನ ಹೆಣ್ಣುಮಗಳೊಬ್ಬರು. ಇದಕ್ಕೆ ಲೆಕ್ಕಪುಸ್ತಕ ಉತ್ತರವಲ್ಲ. ವಂತಿಗೆ ಕೊಟ್ಟವರು ಊರಿನವರು ಎಂಬುದಾದರೆ ತೇರು ಎಲ್ಲಿ ತಿರುಗಬೇಕೆಂಬ ಮಾತಿನಲ್ಲೂ ಅವರಿಗೆ ಪಾಲಿರಬೇಕಲ್ಲ!

ದೊಡ್ಡ ದೇವಾಲಯಗಳ ವಿಚಾರಕ್ಕೆ ಬಂದರೆ, ಹೊಸೂರು ಬೆಟ್ಟದ ಚಂದ್ರಚೂಡೇಶ್ವರ ದೇವಾಲಯ ಸೇರಿದಂತೆ ಅನೇಕವು 1959ರ ಕಾಯಿದೆಯ ಪ್ರಕಾರ ತಮಿಳುನಾಡಿನ ಹಿಂದೂ ಧಾರ್ಮಿಕ ದತ್ತಿ ಇಲಾಖೆಯ ಆಡಳಿತದಲ್ಲಿವೆ. ಇಂಥಲ್ಲಿ ಹುಂಡಿಯನ್ನು ಅಧಿಕಾರಿಗಳ ಎದುರು ಎಣಿಸುತ್ತಾರೆ, ಲೆಕ್ಕ ತಪಾಸಣೆಯೂ ಉಂಟು. ಆದರೂ "ಹುಂಡಿಗೆ ಹಾಕಿದ್ರೆ ಸರ್ಕಾರಕ್ಕೆ ಹೋಗುತ್ತೆ" ಎಂಬ ಮಾತನ್ನು ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ಕೇಳಬಹುದು. ಎಷ್ಟು ಬಂತೆಂಬುದು ಪೇಪರಿನಲ್ಲಿ ಬರುತ್ತದೆ, ಎಲ್ಲಿಗೆ ಹೋಯಿತೆಂಬುದು ಟೀ ಅಂಗಡಿಯವರೆಗೆ ಬರುವುದಿಲ್ಲ.

ಹಾಗೆ ಹೇಳುವವರೇ ತೇರಿನ ದಿನ ಪಾನಕ, ನೀರುಮಜ್ಜಿಗೆ ಹಂಚಲು ಪೈಪೋಟಿಗೆ ಬೀಳುತ್ತಾರೆ. ಒಂದೊಂದು ದಿನದ ಉತ್ಸವವನ್ನು ವಹಿಸಿಕೊಳ್ಳುವ ಉಭಯದಾರರೂ ಅಷ್ಟೇ, ತಾತನ ಕಾಲದಿಂದ ಬಂದ ದಿನವನ್ನು ಬಿಟ್ಟುಕೊಡುವುದಿಲ್ಲ. ತನ್ನ ಕೈಯಿಂದ ಹೋದದ್ದು ಇನ್ನೊಬ್ಬರ ಕೈಗೆ ಸೇರಿದ್ದನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಕಾಗದದ ಕಾಟದಿಂದ ನಿಂತ ದಾನವೂ ಇದೆ. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಬಂದ ಮೇಲೆ ಹೊಸೂರು ಕಾರ್ಖಾನೆಗಳ ಊರು. 2014ರ ಏಪ್ರಿಲ್‌ನಿಂದ ವರ್ಷಕ್ಕೆ 5 ಕೋಟಿ ರೂಪಾಯಿ ಅಥವಾ ಹೆಚ್ಚು ನಿವ್ವಳ ಲಾಭ ಮಾಡುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಆದರೆ 2021ರ ಏಪ್ರಿಲ್‌ನಿಂದ ಆ ಹಣ ಪಡೆದು ಕೆಲಸ ಮಾಡುವ ಸಂಸ್ಥೆ ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿಕೊಂಡಿರಬೇಕು. ಆಡಿಟರಿಗೆ ಫೀಸು ಕೊಡಲಾಗದ ಸಣ್ಣ ಆಶ್ರಮ ಇಲ್ಲಿಯೇ ಹೊರಗುಳಿಯುತ್ತದೆ. ಇನ್ನು 2017ರಿಂದ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ದಾನದ ತೆರಿಗೆ ವಿನಾಯಿತಿ ಇಲ್ಲ. ಮಳಿಗೆಯ ಗಲ್ಲಾದಿಂದ ನೋಟು ತೆಗೆದು ಕೊಡುತ್ತಿದ್ದ ವ್ಯಾಪಾರಿ ಈಗ "ಚೆಕ್ ಬರೀತೀನಿ, ನಾಳೆ ಬನ್ನಿ" ಎನ್ನುತ್ತಾರೆ. ಆ ನಾಳೆ ಬರುವುದು ಕಷ್ಟ.

ಪರದೇಶದಲ್ಲೂ ಇದೇ ಪಾಡು. ಸಂಸ್ಥೆಗಳಿಗೆ ಕೊಡುವುದನ್ನು ಜನ ಯಾಕೆ ನಿಲ್ಲಿಸುತ್ತಾರೆಂದು ಬ್ರಿಟನ್ನಿನ ಏಡ್ರಿಯನ್ ಸಾರ್ಜಂಟ್ ಎಂಬ ವಿದ್ವಾಂಸರು ಅಧ್ಯಯನ ಮಾಡಿದ್ದರು. ಕೈ ಬಿಗಿಯಾಯಿತು, ಬೇರೆ ಕಡೆ ಕೊಡೋಣ ಎನಿಸಿತು ಎಂದವರ ಜೊತೆಗೆ, ಹಣ ಹೇಗೆ ಬಳಕೆಯಾಯಿತೆಂದು ತಿಳಿಸಲಿಲ್ಲ ಎಂದವರೂ ಇದ್ದರು. ತಾವು ಕೊಟ್ಟದ್ದೇ ನೆನಪಿಲ್ಲ ಎಂದವರೂ ಕೆಲವರು!

ನನ್ನದೂ ಒಂದಿದೆ, ಹೇಳಿಬಿಡುತ್ತೇನೆ. ಮಕ್ಕಳ ಆಶ್ರಮವೊಂದಕ್ಕೆ ತಿಂಗಳಿಗೆ ಇನ್ನೂರು ರೂಪಾಯಿ ಕಳಿಸುತ್ತಿದ್ದೆ. ವರ್ಷಕ್ಕೊಮ್ಮೆ ದೀಪಾವಳಿಗೆ ಅಲ್ಲಿಂದ ಕಾಗದ ಬರುತ್ತಿತ್ತು. ಅದರಲ್ಲಿ ನನ್ನ ಹೆಸರು ತಪ್ಪು, ಕೆಳಗೆ ಬ್ಯಾಂಕ್ ಖಾತೆಯ ಸಂಖ್ಯೆ ಮಾತ್ರ ಸರಿ. ಒಂದು ತಿಂಗಳು ಮರೆತೆ, ಮುಂದಿನ ತಿಂಗಳೂ ಮರೆತೆ. ಯಾಕೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾಚಿಕೆಯಿಂದಲಾದರೂ ಕಳಿಸುತ್ತಿದ್ದೆ.

ಮಾರಮ್ಮನ ಹುಡುಗರು ಸಂಜೆ ಅದೇ ಜಗಲಿಗೆ ಮತ್ತೆ ಬಂದರು. ಈ ಸಲ ಪುಸ್ತಕ ಬಗಲಲ್ಲಿತ್ತು, ಕೈಯಲ್ಲಿರಲಿಲ್ಲ.

"ತಾತ, ಹಬ್ಬ ಆದ ಮಾರನೇ ದಿನ ಕಟ್ಟೆ ಮೇಲೆ ಲೆಕ್ಕ ಓದಾಣ ಅಂತ ಹೇಳಿದೀವಿ. ದೊಡ್ಡೋರು ಬ್ಯಾಡ ಅಂತಾವ್ರೆ."

"ಯಾರ್ಲಾ ಓದಾದು?"

"ನಾನೇ ಓದ್ತೀನಿ."

ಹಿರಿಯರು ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಒಳಗೆ ಎದ್ದುಹೋಗಿ ಮೊರದಲ್ಲಿ ರಾಗಿ ತಂದು ಚೀಲಕ್ಕೆ ಸುರಿದರು. "ಇದು ಅಮ್ಮನ ಪಾಲು, ತಗಂಡೋಗು. ದುಡ್ಡಿನ ಮಾತು ನೀನು ಓದಿದ ಮ್ಯಾಲೆ."